ನೆಟ್‌ನಲ್ಲಿ ಸಿಕ್ಕ ಒಳ್ಳೆ ಸಂಗೀತ, ಪತ್ರ, ಲೇಖನ – ನೀವು ಹೆಂಗೆ ಹಂಚ್ಕೋತೀರಾ? ನಿಮ್ಮ ಹತ್ರ ಏನೇನಿದೆ?

ಮಂದ್ರಸ್ಥಾಯಿ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಕೇಳ್ಬೇಕು ಅಂತಿದ್ದೆ. ರಾತ್ರಿ ಮನೇಲಿ ಎಲ್ಲಾ ಮಲಗಿದ ಮೇಲೆ ಇಯರ್‌ಫೋನ್ ಹಾಕ್ಕೊಂಡು ಯೂಟ್ಯೂಬಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗ್ತಾ ಇರ್ತೀನಿ, ಕೆಲವು ಸಲ ಎಂಥದೋ ಒಂದು ಸಿಕ್ಕಿಬಿಡತ್ತೆ, ಆಗ ಒಬ್ನೇ ಇಟ್ಕೊಂಡು ಕೂರಕ್ಕಾಗಲ್ಲ, ಯಾರಿಗಾದ್ರೂ ತೋರಿಸ್ಲೇಬೇಕು ಅನ್ಸತ್ತೆ. ಲಿಂಕ್ ಕಳಿಸ್ತೀನಿ. ಎರಡು ನೀಲಿ ಗೆರೆ ಬರತ್ತೆ, ಅಷ್ಟೇ.

ಹೋದ ವಾರ ಹಿಂಗೇ ಆಯ್ತು. ಮರಿಯಾ ಜುವಾವ್ ಪಿರೆಶ್ ಅಂತ ಪೋರ್ಚುಗಲ್‌ನ ಪಿಯಾನೋ ಕಲಾವಿದೆ, ಅವರದ್ದೊಂದು ಹಳೇ ವಿಡಿಯೋ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಾನ್ಸರ್ಟ್‌ಗೆಬೌ ಆರ್ಕೆಸ್ಟ್ರಾ ಜೊತೆ ಮೊಜಾರ್ಟ್ ಕಂಚೆರ್ಟೊ (ಪಿಯಾನೋ, ಆರ್ಕೆಸ್ಟ್ರಾ ಎರಡೂ ಸೇರಿ ನುಡಿಸೋ ಕೃತಿ) ನುಡಿಸ್ಬೇಕು, ಎದುರಿಗೆ ಜನ ಕೂತಿದಾರೆ, ಆರ್ಕೆಸ್ಟ್ರಾ ನಡೆಸ್ತಿರೋ ಕಂಡಕ್ಟರ್ ರಿಕಾರ್ಡೋ ಶಾಯಿ. ಆರ್ಕೆಸ್ಟ್ರಾ ಶುರು ಮಾಡತ್ತೆ, ಈಕೆ ಮುಖ ಬಿಳಿಚ್ಕೊಳತ್ತೆ. ಯಾಕಂದ್ರೆ ಇವರು ತಯಾರಿ ಮಾಡ್ಕೊಂಡು ಬಂದಿರೋ ಕಂಚೆರ್ಟೊನೇ ಬೇರೆ, ಅವರು ಶುರು ಮಾಡಿರೋದು ಮೊಜಾರ್ಟ್‌ನ 20ನೇ ಪಿಯಾನೋ ಕಂಚೆರ್ಟೊ, ಡಿ ಮೈನರ್‌ದು. ಕೈಯಿಂದ ಹಣೆ ಹಿಡ್ಕೋತಾರೆ. ಆರ್ಕೆಸ್ಟ್ರಾ ನಿಲ್ಲಿಸಲ್ಲ, ಅದು ನಡೀತಾನೇ ಇದೆ, ಅದರ ಮಧ್ಯದಲ್ಲೇ ಶಾಯಿಗೆ ಹೇಳ್ತಾರೆ, ನನಗೆ ಹೇಳಿದ್ದು ಬೇರೆದು ಅಂತ. ಆತ ಕೈ ಆಡಿಸ್ತಾನೇ ನಗ್ತಾ ಹೇಳ್ತಾನೆ, ಹೋದ ಸೀಸನ್‌ನಲ್ಲಿ ಇದನ್ನೇ ನುಡಿಸಿದ್ರಲ್ಲ, ನಿಮಗೆ ಚೆನ್ನಾಗೇ ಗೊತ್ತು ಅಂತ. ಈ ಕಂಚೆರ್ಟೊದಲ್ಲಿ ಪಿಯಾನೋ ಬರೋಕ್ ಮುಂಚೆ ಆರ್ಕೆಸ್ಟ್ರಾದ್ದೇ ಎರಡು ನಿಮಿಷದ ಮೇಲಿದೆ, ಆ ಸಮಯ ಅಷ್ಟೇ ಈಕೆ ಕೈಯಲ್ಲಿರೋದು. ತಲೆ ತಗ್ಗಿಸ್ತಾರೆ, ಕಣ್ಣು ಮುಚ್ತಾರೆ, ಆಮೇಲೆ ಆರ್ಕೆಸ್ಟ್ರಾ ಸುಮ್ಮನಾಗತ್ತೆ, ಪಿಯಾನೋ ಒಂಟಿಯಾಗಿ ಮೆಲ್ಲಗೆ ಬರತ್ತೆ, ಒಂದು ಸ್ವರನೂ ತಪ್ಪಿಲ್ಲ. ನಾನು ನಾಕು ಸಲ ನೋಡ್ದೆ, ನಾಕು ಸಲನೂ ಕಣ್ಣು ತುಂಬ್ತು.

ಹನ್ನೊಂದು ಜನಕ್ಕೆ ಕಳಿಸ್ದೆ. ಒಬ್ರು "ಆಮೇಲೆ ನೋಡ್ತೀನಿ" ಅಂದ್ರು, ಇನ್ನೊಬ್ರು ಹೆಬ್ಬೆಟ್ಟು ಹಾಕಿದ್ರು. ಉಳಿದವರದ್ದು ಏನೂ ಇಲ್ಲ.

ಬೇಜಾರಿಗಿಂತ ಜಾಸ್ತಿ ಇದನ್ನ ಸರಿಯಾಗಿ ಮಾಡೋದು ಹೆಂಗೆ ಅಂತ ಕಲೀಬೇಕು ಅಂತ ಆಸೆ. ನೀವೆಲ್ಲ ಹೆಂಗೆ ಹಂಚ್ಕೋತೀರಾ? ಜೊತೆಗೆ ನಿಮಗೆ ಸಿಕ್ಕಿದ್ದನ್ನೂ ಹೇಳಿ, ಕಛೇರಿ ಆಗ್ಲಿ, ಯಾರದ್ದೋ ಹಳೇ ಪತ್ರ ಆಗ್ಲಿ, ಲೇಖನ ಆಗ್ಲಿ. ಆದ್ರೆ ಯಾಕೆ ಇಷ್ಟ ಆಯ್ತು ಅಂತ ಎರಡು ಸಾಲು ಬರೀರಿ ಪ್ಲೀಸ್.

ಸಂಜೆರಾಗ:

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ ಸರ್. ಇಲ್ಲಿ ಬರೆದ್ರಲ್ಲ ಹಣೆ ಹಿಡ್ಕೊಂಡ್ರು, ಎರಡು ನಿಮಿಷ ಅಷ್ಟೇ ಇತ್ತು ಅಂತ, ಅದನ್ನ ಓದಿದ ತಕ್ಷಣ ನಾನು ಹೋಗಿ ಹುಡುಕಿ ನೋಡ್ಕೊಂಡು ಬಂದೆ. ಆ ಹನ್ನೊಂದು ಜನಕ್ಕೆ ಇದನ್ನ ಬರೆದಿದ್ರಾ? ಬರೀ ಲಿಂಕ್ ಕಳಿಸಿದ್ರೆ ತಗೊಂಡವರಿಗೆ ಅದು ಒಂದು ಕೆಲಸ ಕೊಟ್ಟಂಗೆ. ಏನಿದೆ, ಎಷ್ಟು ಹೊತ್ತು, ಎಲ್ಲಿಂದ ಕೇಳ್ಬೇಕು ಒಂದೂ ಗೊತ್ತಿರಲ್ಲ.

ನಾನು ಮಾಡೋದು ಇಷ್ಟು. ದೊಡ್ಡ ಕಛೇರಿ ಆದ್ರೆ ಪೂರ್ತಿ ಕಳಿಸೋದೇ ಇಲ್ಲ, ಒಂದು ಜಾಗ ಕಳಿಸ್ತೀನಿ. ಕಂಪ್ಯೂಟರ್‌ನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಈಗಿರೋ ಕ್ಷಣದಿಂದ ಲಿಂಕ್ ಕಾಪಿ ಮಾಡೋ ಆಯ್ಕೆ ಬರತ್ತೆ, ಒತ್ತಿದವರಿಗೆ ಸೀದಾ ಅಲ್ಲಿಂದಲೇ ಶುರು ಆಗತ್ತೆ. ಜೊತೆಗೆ ಒಂದೇ ಸಾಲು: "ಇಲ್ಲಿಂದ ಎರಡು ನಿಮಿಷ ಕೇಳಿ, ತಬಲಾದವರು ಕೈ ಎತ್ತಿ ಸುಮ್ನೆ ಕೂತ್ಬಿಡ್ತಾರೆ, ಯಾಕೆ ಅಂತ ನಿಮಗೇ ಗೊತ್ತಾಗತ್ತೆ." ನಮ್ಮ ಭಾವನಿಗೆ ಸಂಗೀತ ಅಂದ್ರೆ ದೂರ, ಆದ್ರೂ ಹಿಂಗೆ ಕಳಿಸಿದ್ದು ಕೇಳಿ ಪೂರ್ತಿ ಎಲ್ಲಿದೆ ಅಂತ ಅವರೇ ಕೇಳಿದ್ರು.

ಇನ್ನೊಂದು, ಹನ್ನೊಂದು ಜನಕ್ಕೆ ಒಟ್ಟಿಗೆ ಬೇಡ. ಯಾರಿಗೆ ಹಿಡಿಸತ್ತೆ ಅಂತ ಯೋಚ್ನೆ ಮಾಡಿ ಒಬ್ರಿಗೆ ಕಳಿಸಿ. ಎಲ್ರಿಗೂ ಅಂತ ಬಂದಿದ್ದನ್ನ ಯಾರೂ ನನಗೆ ಅಂತ ಅಂದ್ಕೊಳಲ್ಲ.

ಓಲೆಗರಿ:

ನನಗೆ ಪತ್ರಗಳ ಹುಚ್ಚು. ಇವರು ಮೊಜಾರ್ಟ್ ಹೆಸರು ಎತ್ತಿದ್ದಕ್ಕೆ ಅವನದ್ದೇ ಒಂದು ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಕ್ಷಮಿಸಿ.

1778, ಮೊಜಾರ್ಟ್‌ಗೆ 22 ವರ್ಷ. ಕೆಲಸ ಹುಡುಕ್ಕೊಂಡು ಪ್ಯಾರಿಸ್‌ಗೆ ಹೋಗಿದಾನೆ, ಜೊತೆಗೆ ಅಮ್ಮ. ಅಪ್ಪ, ಅಕ್ಕ ಸಾಲ್ಜ್‌ಬರ್ಗ್‌ನಲ್ಲಿ. ಜುಲೈ 3ನೇ ತಾರೀಖು ರಾತ್ರಿ ಅಮ್ಮ ತೀರ್ಕೋತಾರೆ. ಪರದೇಶ, ಪಕ್ಕದಲ್ಲಿ ಸ್ವಂತದವರು ಅಂತ ಯಾರೂ ಇಲ್ಲ. ಅದೇ ರಾತ್ರಿ ಕೂತ್ಕೊಂಡು ಎರಡು ಪತ್ರ ಬರೀತಾನೆ. ಒಂದು ಅಪ್ಪನಿಗೆ, ಅದರಲ್ಲಿ ಅಮ್ಮ ತೀರ್ಕೊಂಡ ವಿಷಯ ಇಲ್ಲ. ಅಮ್ಮಂಗೆ ತುಂಬಾ ಹುಷಾರಿಲ್ಲ, ದೇವರ ಇಚ್ಛೆ ಹೆಂಗಿದ್ರೆ ಹಂಗೆ ಅಂತ ಬರೀತಾನೆ. ಇನ್ನೊಂದು ಮನೆಗೆ ಬೇಕಾದವರು ಒಬ್ಬರು ಪಾದ್ರಿ, ಬುಲ್ಲಿಂಗರ್ ಅಂತ, ಅವರಿಗೆ. ಅದರಲ್ಲಿ ನಿಜ ಹೇಳಿ, ನೀವು ಹೋಗಿ ಅಪ್ಪ ಅಕ್ಕ ಇಬ್ರನ್ನೂ ನಿಧಾನಕ್ಕೆ ಈ ಸುದ್ದಿಗೆ ತಯಾರು ಮಾಡಿ ಅಂತ ಬೇಡ್ಕೋತಾನೆ. ಆರು ದಿನ ಆದ್ಮೇಲೆ, ಜುಲೈ 9ಕ್ಕೆ, ಅಪ್ಪನಿಗೆ ನಿಜ ಬರೀತಾನೆ.

ನನಗೆ ಉಸಿರು ಕಟ್ಟಿದ್ದು ಎಲ್ಲಿ ಅಂದ್ರೆ ಆ ಮೊದಲನೇ ಪತ್ರದ ಉಳಿದ ಭಾಗದಲ್ಲಿ. ಅಮ್ಮನ ಶವ ಮನೇಲಿದೆ, ಇವನು ಅಪ್ಪನಿಗೆ ತನ್ನ ಹೊಸ ಸಿಂಫನಿ ಪ್ಯಾರಿಸ್ ಜನಕ್ಕೆ ಎಷ್ಟು ಇಷ್ಟ ಆಯ್ತು, ಎಲ್ಲಿ ಚಪ್ಪಾಳೆ ಬಿತ್ತು, ಖುಷೀಲಿ ಪಾಲೆ ರಾಯಲ್‌ಗೆ ಹೋಗಿ ಐಸ್ ತಿಂದೆ, ಹರಕೆ ಹೊತ್ತಂಗೆ ಜಪಮಾಲೆ ಹಿಡಿದು ಪ್ರಾರ್ಥನೆ ಮಾಡಿ ಮನೆಗೆ ಬಂದೆ ಅಂತೆಲ್ಲ ಬರೀತಾನೆ. ಅದು ನಡೆದಿದ್ದು ಅದಕ್ಕಿಂತ ಮುಂಚೆ, ನಿಜಾನೇ, ಆದ್ರೆ ಅದನ್ನ ಬರೀತಿರೋದು ಆ ರಾತ್ರಿ. ಮೊದ್ಲು ಓದ್ದಾಗ ಇದೇನು ಕಲ್ಲು ಹೃದಯ ಅನ್ಸಿತ್ತು ನನಗೆ. ಬುಲ್ಲಿಂಗರ್ ಪತ್ರ ಓದಿದ ಮೇಲೆ ಗೊತ್ತಾಯ್ತು, ಅಪ್ಪ ಆ ಕಾಗದ ತೆಗೆದು ಓದೋವಾಗ ಎದೆ ಒಡೆದು ಹೋಗ್ಬಾರ್ದು ಅಂತ ಮಾಮೂಲಿನ ಥರ ಸಾಲು ಸಾಲು ತುಂಬಿಸ್ತಾ ಹೋಗಿದಾನೆ ಹುಡುಗ. ಒಂದೇ ಪತ್ರ ಓದಿ ಬಿಟ್ಟಿದ್ರೆ ನಾನು ಅವನ್ನ ತಪ್ಪು ತಿಳ್ಕೊಂಡೇ ಇರ್ತಿದ್ದೆ.

ಅದೇ ಬೇಸಿಗೇಲಿ ಪ್ಯಾರಿಸ್‌ನಲ್ಲಿ ಬರೆದಿದ್ದು ಎ ಮೈನರ್ ಪಿಯಾನೋ ಸೊನಾಟಾ (ಪಿಯಾನೋ ಒಂದಕ್ಕೇ ಬರೆದ ಕೃತಿ), ಮೊಜಾರ್ಟ್ ಕೃತಿಗಳ ಪಟ್ಟೀಲಿ ಕೆ 310. ಅಮ್ಮನ ಸಾವಿಗೇ ಬರೆದ ಅಂತ ಯಾರೂ ಖಡಾಖಂಡಿತವಾಗಿ ಹೇಳಕ್ಕಾಗಲ್ಲ, ಆದ್ರೆ ಎರಡೂ ಪತ್ರ ಓದಿ ಆಮೇಲೆ ಅದರ ಶುರು ಕೇಳಿ ನೋಡಿ, ಎಡಗೈ ಒಂದೇ ಕಾರ್ಡನ್ನ (ಒಟ್ಟಿಗೆ ನುಡಿಸೋ ಕೆಲವು ಸ್ವರ) ಬಾರಿಸ್ತಾ ಬಾರಿಸ್ತಾ ಇರತ್ತೆ, ಬಿಡೋದೇ ಇಲ್ಲ. ನಾನು ಹಂಚ್ಕೊಳೋದು ಹಿಂಗೆ, ಒಂದು ಪತ್ರ ಒಂದು ಸಂಗೀತ ಜೋಡಿ ಮಾಡಿ. ಎರಡು ಪತ್ರದ್ದೂ ಇಂಗ್ಲಿಷ್ ಅನುವಾದ ನೆಟ್‌ನಲ್ಲಿ ಸಿಗತ್ತೆ, ನಾನು ಮುಖ್ಯ ಪ್ಯಾರಾ ಎರಡನ್ನ ಕನ್ನಡಕ್ಕೆ ಮಾಡಿ ಕಳಿಸ್ತೀನಿ, ಉದ್ದ ಇಂಗ್ಲಿಷ್ ಅಂದ್ರೆ ಕೆಲವರು ಅಲ್ಲೇ ನಿಂತುಬಿಡ್ತಾರೆ.

ಚಿತ್ರಕಾರ ವ್ಯಾನ್ ಗೋ ಪತ್ರಗಳೂ ಹಂಗೇ, 2009ರಿಂದ ಪೂರ್ತಿ ನೆಟ್‌ನಲ್ಲಿವೆ, ಅವನು ಬರೆದಿದ್ದು ಅವನಿಗೆ ಬಂದಿದ್ದು ಸೇರಿ 900ರ ಮೇಲೆ, ಕಾಗದದ ಮೂಲ ಚಿತ್ರದ ಸಮೇತ. ಬಹುಪಾಲು ತಮ್ಮ ಥಿಯೋಗೆ ಬರೆದಿದ್ದು. ಸಾಲುಗಳ ಮಧ್ಯೆ ಪುಟ್ಟ ಪುಟ್ಟ ಸ್ಕೆಚ್ ಹಾಕಿರ್ತಾನೆ, ಅದನ್ನ ಅವನ ಕೈಬರಹದಲ್ಲೇ ನೋಡೋದೇ ಬೇರೆ.

ಬೆಳದಿಂಗಳು:

ನಾನೊಂದು ಸೇರಿಸ್ತೀನಿ. ಅಬ್ರಹಾಂ ಲಿಂಕನ್ ತನ್ನ ಮಗನ ಮೇಷ್ಟ್ರಿಗೆ ಬರೆದ ಪತ್ರ. ಸೋಲೋದನ್ನೂ ಕಲಿಸಿ, ಮೋಸ ಮಾಡಿ ಗೆಲ್ಲೋದಕ್ಕಿಂತ ಫೇಲ್ ಆಗೋದು ಗೌರವ ಅಂತ ಕಲಿಸಿ ಅಂತ ಬರತ್ತಲ್ಲ, ಅದು. ನಾನು ಟೀಚರ್, ನಮ್ಮ ಸ್ಕೂಲಲ್ಲಿ ಮಕ್ಕಳ ಬೀಳ್ಕೊಡುಗೆಗೆ ಪ್ರತಿ ವರ್ಷ ಅದನ್ನ ಓದ್ತೀನಿ, ಓದೋವಾಗ ಪ್ರತಿ ಸಲ ಗಂಟಲು ಕಟ್ಟತ್ತೆ. ಕನ್ನಡದಲ್ಲೇ ಎಷ್ಟೊಂದು ಅನುವಾದ ಇದೆ.

ಪುಟತಿರುವಿ:

ಮೇಡಂ, ತಪ್ಪು ತಿಳ್ಕೋಬೇಡಿ, ಆ ಪತ್ರ ಲಿಂಕನ್ ಬರೆದಿದ್ದು ಅನ್ನೋದಕ್ಕೆ ಆಧಾರ ಇಲ್ಲ. ಲಿಂಕನ್ನನ ಸಮಗ್ರ ಬರಹ ಎಂಟು ಸಂಪುಟದಲ್ಲಿ 1953ರಲ್ಲಿ ಬಂದಿದೆ, ಮಿಶಿಗನ್ ವಿಶ್ವವಿದ್ಯಾಲಯದವರು ಅದನ್ನ ನೆಟ್‌ನಲ್ಲಿ ಫ್ರೀಯಾಗಿ ಹಾಕಿದಾರೆ, ಪದ ಹಾಕಿ ಹುಡುಕ್ಬೋದು. ಅದರಲ್ಲಿ ಈ ಪತ್ರ ಇಲ್ಲ. ತಾರೀಖು ಇಲ್ಲ, ಮೇಷ್ಟ್ರ ಹೆಸರಿಲ್ಲ, ಮೂಲ ಕಾಗದ ಇಲ್ಲ. ಐನ್‌ಸ್ಟೈನ್ ಮಗಳಿಗೆ ಪ್ರೀತಿಯೇ ವಿಶ್ವದ ದೊಡ್ಡ ಶಕ್ತಿ ಅಂತ ಬರೆದ ಅನ್ನೋದೂ ಇದೇ ಥರದ್ದು, ಅವರು ಬರೆದಿದ್ದಲ್ಲ.

ಅದರ ಬದ್ಲಿಗೆ ಲಿಂಕನ್ ನಿಜವಾಗ್ಲೂ ಬರೆದಿದ್ದೊಂದು ಕೊಡ್ತೀನಿ, ನಿಮ್ಮ ಮಕ್ಕಳಿಗೆ ಖಂಡಿತ ಹಿಡಿಸತ್ತೆ. 1860ರ ಅಕ್ಟೋಬರ್, ಚುನಾವಣೆ ಹತ್ರ. ಗ್ರೇಸ್ ಬೆಡೆಲ್ ಅಂತ ಹನ್ನೊಂದು ವರ್ಷದ ಹುಡುಗಿ ಲಿಂಕನ್‌ಗೆ ಕಾಗದ ಬರೀತಾಳೆ, ನಿಮ್ಮ ಮುಖ ತುಂಬಾ ಸಣ್ಣಗಿದೆ, ಗಡ್ಡ ಬಿಡಿ, ಚೆನ್ನಾಗಿ ಕಾಣ್ತೀರಾ, ನನಗೆ ನಾಕು ಜನ ಅಣ್ತಮ್ಮಂದಿರಿದಾರೆ, ಕೆಲವರು ಹೆಂಗೂ ನಿಮಗೇ ಓಟು ಹಾಕ್ತಾರೆ, ನೀವು ಗಡ್ಡ ಬಿಟ್ರೆ ಉಳಿದವರಿಗೂ ನಾನು ಹೇಳ್ತೀನಿ ಅಂತ. ನಿಮಗೆ ನನ್ನಂಥ ಹೆಣ್ಮಕ್ಕಳಿದಾರಾ ಅಂತಾನೂ ಕೇಳಿರ್ತಾಳೆ. ಅಕ್ಟೋಬರ್ 19ಕ್ಕೆ ಲಿಂಕನ್ ಉತ್ತರ ಬರೀತಾರೆ. ನನಗೆ ಹೆಣ್ಮಕ್ಕಳಿಲ್ಲಮ್ಮ, ಮೂರು ಜನ ಗಂಡ್ಮಕ್ಕಳು, ಒಬ್ಬನಿಗೆ 17, ಒಬ್ಬನಿಗೆ 9, ಒಬ್ಬನಿಗೆ 7, ಇವರು ಮತ್ತೆ ಇವರಮ್ಮ, ಇಷ್ಟೇ ನನ್ನ ಸಂಸಾರ ಅಂತ. ಗಡ್ಡದ ವಿಷಯಕ್ಕೆ, ಇಷ್ಟು ದಿನ ಬಿಡದೇ ಇದ್ದು ಈಗ ಶುರು ಮಾಡಿದ್ರೆ ಜನ ಏನೋ ಷೋಕಿ ಅಂತ ಅಂದ್ಕೊಳಲ್ವಾ ಅಂತ ಅವಳನ್ನೇ ಕೇಳ್ತಾರೆ. ಮಾತು ಕೊಡಲ್ಲ. ಆದ್ರೆ ಬಿಡ್ತಾರೆ! 1861ರ ಫೆಬ್ರವರೀಲಿ ವಾಷಿಂಗ್ಟನ್ ಕಡೆ ರೈಲಲ್ಲಿ ಹೋಗೋವಾಗ ಅವಳಿದ್ದ ವೆಸ್ಟ್‌ಫೀಲ್ಡ್ ಊರಲ್ಲಿ ರೈಲು ನಿಲ್ಲತ್ತೆ, ಗುಂಪಲ್ಲಿ ಅವಳನ್ನ ಕರೆಸಿ ಗಡ್ಡ ತೋರಿಸ್ತಾರೆ.

ಎರಡೂ ಕಾಗದದ ಪೂರ್ತಿ ಪಠ್ಯ ನೆಟ್‌ನಲ್ಲಿದೆ. ಹನ್ನೊಂದು ವರ್ಷದ ಮಗುಗೆ ದೇಶದ ಅಧ್ಯಕ್ಷ ಆಗೋಕೆ ಹೊರಟವರು ಮಕ್ಕಳ ವಯಸ್ಸನ್ನ ಲೆಕ್ಕ ಹಾಕಿ ಹೇಳಿದಾರಲ್ಲ, ಅದು ನನಗೆ ತುಂಬಾ ಇಷ್ಟ.

ಬೆಳದಿಂಗಳು:

ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅಷ್ಟು ವರ್ಷದಿಂದ ಓದ್ತಾ ಬಂದಿರೋದು, ಮನಸಿಗೆ ಕಷ್ಟ ಆಯ್ತು. ಆದ್ರೂ ಕೇಳ್ತೀನಿ, ಯಾರು ಬರೆದಿದ್ರೆ ಏನು, ಮಾತು ಒಳ್ಳೇದೇ ಅಲ್ವಾ?

ಪುಟತಿರುವಿ:

ಮಾತು ಒಳ್ಳೇದೇ ಮೇಡಂ, ಓದೋದು ಬಿಡಿ ಅಂತ ನಾನು ಹೇಳ್ತಿಲ್ಲ. ಬರೆದವರು ಯಾರು ಅಂತ ಗೊತ್ತಿಲ್ಲ ಅಂತ ಹೇಳಿ ಓದಿ. ಲಿಂಕನ್ ಹೆಸರು ತೆಗೆದ ಮೇಲೂ ಗಂಟಲು ಕಟ್ಟಿದ್ರೆ ಆ ಮಾತಿಗೆ ಅದರದ್ದೇ ಶಕ್ತಿ ಇದೆ ಅಂತಾಯ್ತು. ನನಗೆ ಪತ್ರ ಅಂದ್ರೆ ಇಂಥ ದಿನ, ಇಂಥವರು, ಇಂಥವರಿಗೆ ಬರೆದಿದ್ದು. ಅದು ಇಲ್ಲದೇ ಇದ್ರೆ ಉಪದೇಶ ಉಳಿಯತ್ತೆ, ಮನುಷ್ಯ ಕಾಣಲ್ಲ.

ಸಂಜೆರಾಗ:

ಇದಕ್ಕೇ ನಂಟಿರೋದು ಒಂದು. ಹೆಸರಾಂತ ಪಿಟೀಲು ಕಲಾವಿದ ಜೋಶುವಾ ಬೆಲ್ ಯಾರಿಗೂ ಹೇಳದೇ ಮೆಟ್ರೋ ಸ್ಟೇಷನ್‌ನಲ್ಲಿ ನುಡಿಸಿದ ಕತೆ ಎಲ್ರಿಗೂ ಫಾರ್ವರ್ಡ್ ಬಂದಿರತ್ತೆ. ನಾನೂ ಅಷ್ಟೇ ಓದಿದ್ದೆ, ಆರು ಜನ ನಿಂತ್ರು, 45 ನಿಮಿಷ ಅಂತೆಲ್ಲ. ಮೂಲ ಲೇಖನ ವಾಷಿಂಗ್ಟನ್ ಪೋಸ್ಟ್‌ನಲ್ಲಿ 2007ರ ಏಪ್ರಿಲ್‌ನಲ್ಲಿ ಬಂದಿದ್ದು, ಬರೆದವರು ಜೀನ್ ವೈನ್‌ಗಾರ್ಟನ್, 2008ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದನ್ನ ಹುಡುಕಿ ಓದಿದ ಮೇಲೆ ನನಗೆ ಫಾರ್ವರ್ಡ್ ಮೇಲೆ ಸಿಟ್ಟೇ ಬಂತು, ಎಷ್ಟೊಂದು ಬಿಟ್ಟುಬಿಟ್ಟಿದಾರೆ.

2007ರ ಜನವರಿ 12, ವಾಷಿಂಗ್ಟನ್‌ನ ಲಾಂಫಾಂ ಪ್ಲಾಜಾ ಸ್ಟೇಷನ್, ಬೆಳಗ್ಗೆ ಆಫೀಸ್ ಹೊತ್ತು. ತಲೆಗೆ ಟೋಪಿ, ಜೀನ್ಸ್, ಕೈಯಲ್ಲಿ 1713ರ ಸ್ಟ್ರಾಡಿವೇರಿಯಸ್ ಪಿಟೀಲು. 43 ನಿಮಿಷ ನುಡಿಸಿದಾರೆ, ಹಾದು ಹೋದವರು 1,097, ಒಂದು ನಿಮಿಷನಾದ್ರೂ ನಿಂತವರು ಏಳೇ ಜನ. ಶುರು ಮಾಡಿದ್ದೇ ಬಾಖ್‌ನ ಶಾಕೋನ್ ಅನ್ನೋ ಕೃತಿಯಿಂದ, ಪಿಟೀಲಿನವರಿಗೆ ಅದು ಬೆಟ್ಟ ಇದ್ದಂಗೆ. ಅಂಕಿ ಸಂಖ್ಯೆ ಬಿಡಿ, ಎರಡು ವಿಷಯ ನನಗೆ ಇನ್ನೂ ಕಾಡತ್ತೆ. ಮಕ್ಕಳು ಹಾದು ಹೋದಾಗೆಲ್ಲ ನಿಂತು ನೋಡಕ್ಕೆ ಪ್ರಯತ್ನ ಪಟ್ಟಿದಾವೆ, ಪ್ರತಿ ಸಲನೂ ಅಪ್ಪನೋ ಅಮ್ಮನೋ ಎಳ್ಕೊಂಡು ಹೋಗಿದಾರೆ, ಒಂದು ಸಲನೂ ತಪ್ಪಿಲ್ಲ. ಇನ್ನೊಂದು, ಬೆಲ್‌ಗೆ ತುಂಬಾ ಮುಜುಗರ ಆಗಿದ್ದು ಜನ ನಿಲ್ಲದೇ ಹೋಗಿದ್ದಕ್ಕಲ್ಲ, ಒಂದು ಕೃತಿ ಮುಗಿದ ಆ ಕ್ಷಣಕ್ಕೆ. ಚಪ್ಪಾಳೆ ಇಲ್ಲ, ಏನೂ ಇಲ್ಲ. ಸುಮ್ನೆ ಒಂದು ಕಾರ್ಡ್ ಎಳೆದು ಮುಂದಿನದಕ್ಕೆ ಹೋಗ್ತಿದ್ರು.

ವಿಡಿಯೋನೂ ಇದೆ. ಅದನ್ನ ನೋಡೋವಾಗ ಕೃತಿ ಮುಗಿಯೋ ಜಾಗಗಳನ್ನ ನೋಡಿ.

ಹಳೇಪ್ಲೇಟು78:

ತಡವಾಗಿ ಬಂದೆ. ನಂದು ಗ್ರಾಮಫೋನ್ ಪ್ಲೇಟುಗಳ ಲೋಕ. ಇಂಟರ್ನೆಟ್ ಆರ್ಕೈವ್ ಅನ್ನೋ ಸೈಟಲ್ಲಿ 78 ಸ್ಪೀಡಿನ (ನಿಮಿಷಕ್ಕೆ 78 ಸುತ್ತು) ಪ್ಲೇಟುಗಳದ್ದೇ ದೊಡ್ಡ ಸಂಗ್ರಹ ಇದೆ, ಅಲ್ಲಿ ಒಂದು ರಾತ್ರಿ ಕಳೆದು ನೋಡಿ, ಬೆಳಗಾಗಿದ್ದು ಗೊತ್ತಾಗಲ್ಲ.

ಹೊಸಬರಿಗೆ ನಾನು ಮೊದ್ಲು ಕೇಳಿಸೋದು ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್. 1902ರ ನವೆಂಬರ್, ಕಲ್ಕತ್ತೆ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಹೋಟೆಲ್ ರೂಮಲ್ಲೇ ಮೆಷಿನ್ ಇಟ್ಕೊಂಡು ರೆಕಾರ್ಡ್ ಮಾಡಿದ್ದು. ಮೈಕ್ ಅನ್ನೋದೇ ಇಲ್ಲದ ಕಾಲ, ದೊಡ್ಡ ಕಹಳೆಯೊಳಗೆ ಮುಖ ಇಟ್ಟು ಹಾಡ್ಬೇಕು, ಇರೋದು ಮೂರು ನಿಮಿಷ. ಗಂಟೆಗಟ್ಲೆ ಹಾಡೋ ರಾಗನ ಮೂರು ನಿಮಿಷಕ್ಕೆ ತರ್ಬೇಕು ಅಂದ್ರೆ ಏನು ಬಿಡೋದು ಏನು ಇಡೋದು! ಆಲಾಪನ ಒಂದೆರಡು ಎಳೆಯಲ್ಲಿ ಮುಗಿಸಿ ತಾನ್‌ಗೆ (ವೇಗವಾಗಿ ಹಾಡೋ ಸ್ವರಗಳ ಓಟ) ಹಾರಿಬಿಡ್ತಾರೆ. ಮುಗಿದ ತಕ್ಷಣ ಗಟ್ಟಿ ದನೀಲಿ ಇಂಗ್ಲಿಷಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಅಂತ ಕೂಗ್ತಾರೆ. ಪ್ಲೇಟು ಅಚ್ಚಾಗ್ತಿದ್ದಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಅಲ್ಲಿಯವರಿಗೆ ಯಾರ ಹಾಡು ಅಂತ ಗೊತ್ತಾಗ್ಲಿ ಅಂತ. ಆ ಒಂದು ಕೂಗು ಕೇಳಿದ ಮೇಲೆ ನೂರಿಪ್ಪತ್ತು ವರ್ಷ ಅನ್ನೋದು ಎಲ್ಲೋ ಹೋಗ್ಬಿಡತ್ತೆ, ಹೆಂಗಸು ಇಲ್ಲೇ ಬಾಗಿಲ ಹತ್ರ ನಿಂತಿದಾಳೆ ಅನ್ಸತ್ತೆ.

ಒಂದು ವಿಷಯ ಹುಷಾರು. ನೆಟ್‌ನಲ್ಲಿ ಹಾಕಿರೋ ಎಷ್ಟೋ ಹಳೇ ಪ್ಲೇಟುಗಳ ಸ್ಪೀಡ್ ಸರಿ ಇರಲ್ಲ. ಹೆಸರಿಗೆ 78, ಆದ್ರೆ ಆಗಿನ ಕಾಲದಲ್ಲಿ ಎಲ್ಲಾನೂ ಕರೆಕ್ಟಾಗಿ 78ಕ್ಕೇ ರೆಕಾರ್ಡ್ ಆಗ್ತಿರ್ಲಿಲ್ಲ, ಹೆಚ್ಚು ಕಮ್ಮಿ ಇರ್ತಿತ್ತು. ಸ್ಪೀಡ್ ಆರು ಪರ್ಸೆಂಟ್ ಜಾಸ್ತಿ ಆದ್ರೆ ಸಾಕು, ಶ್ರುತಿ ಅರ್ಧ ಮನೆ (ಹಾರ್ಮೋನಿಯಂನಲ್ಲಿ ಪಕ್ಕದ ಕೀ) ಏರಿಬಿಡತ್ತೆ, ದನಿ ಕೀಚಲು, ತಾನ್ ಓಡ್ದಂಗೆ ಕೇಳತ್ತೆ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬ್ರ ದನಿ ಮೊದಲೇ ಎತ್ತರದ್ದು, ಸೂಜಿ ಥರ ಸಣ್ಣ, ಅದನ್ನ ಇನ್ನೂ ಏರಿಸಿದ್ರೆ ಕೇಳೋಕಾಗಲ್ಲ, ಜನ ಇದೇನು ಇವರನ್ನ ಇಷ್ಟು ಹೊಗಳ್ತಾರೆ ಅಂತ ಮುಚ್ಚಿಬಿಡ್ತಾರೆ. ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಇವರ ಪ್ಲೇಟು ಕೇಳಿ ಹುಚ್ಚು ಹತ್ತಿ ಹನ್ನೊಂದನೇ ವಯಸ್ಸಿಗೆ ಗುರು ಹುಡುಕ್ಕೊಂಡು ಮನೆ ಬಿಟ್ಟು ಹೋದವರು, ಕೊನೆಗೆ ಕಲಿತಿದ್ದು ಖಾನ್ ಸಾಹೇಬ್ರ ಶಿಷ್ಯ ಸವಾಯಿ ಗಂಧರ್ವರ ಹತ್ರಾನೇ. ಆ ಹುಡುಗ ಕೇಳಿದ್ದನ್ನ ನಾವೂ ಕೇಳ್ಬೇಕು ಅಂದ್ರೆ ಒಂದೇ ಪ್ಲೇಟಿನ ಎರಡು ಮೂರು ಅಪ್‌ಲೋಡ್ ಪಕ್ಕ ಪಕ್ಕ ಇಟ್ಟು ಕೇಳಿ, ಮಾತಾಡೋ ದನಿಗೆ ಹತ್ರ ಇರೋದನ್ನ ಆರಿಸ್ಕೊಳಿ. ಹಂಚೋ ಮುಂಚೆ ನಾನು ಇದನ್ನ ಮಾಡೇ ಮಾಡ್ತೀನಿ.

ಮತ್ತೆ, ಒಳ್ಳೇದು ಸಿಕ್ತು ಅಂದ್ರೆ ಇವತ್ತೇ ಉಳಿಸ್ಕೊಳಿ. ನಾನು ಐದಾರು ವರ್ಷದಿಂದ ಜೋಡಿಸಿಟ್ಟಿದ್ದ ಲಿಂಕುಗಳ ಪಟ್ಟಿ ತೆಗೆದ್ರೆ ಅರ್ಧಕ್ಕರ್ಧ ವಿಡಿಯೋ ಇಲ್ಲ ಅಂತ ಬಂತು. ಅವತ್ತು ನಿಜವಾಗ್ಲೂ ಮನೇಲಿ ಯಾರೋ ಹೋದಂಗಾಯ್ತು. ಲೇಖನ, ಪತ್ರದ ಪುಟ ಆದ್ರೆ ವೇಬ್ಯಾಕ್ ಮೆಷಿನ್ ಅಂತ ವೆಬ್ ಪುಟಗಳ ನಕಲು ಉಳಿಸೋ ಸೈಟಿದೆ, ಅಲ್ಲಿಗೆ ಹೋಗಿ ಅದರ ವಿಳಾಸ ಹಾಕಿ ಸೇವ್ ಮಾಡ್ಬೋದು, ಆಮೇಲೆ ಮೂಲ ಪುಟ ಹೋದ್ರೂ ಅಲ್ಲಿ ಉಳ್ಕೊಳತ್ತೆ. ಸಂಗೀತಕ್ಕೆ ಅದು ಆಗಲ್ಲ, ಅದಕ್ಕೆ ಕಲಾವಿದರು, ರಾಗ, ಯಾವ ವರ್ಷ, ಯಾವ ಕಛೇರಿ, ಜೊತೇಲಿ ಯಾರ್ಯಾರಿದ್ರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡ್ತೀನಿ. ಲಿಂಕ್ ಸತ್ರೂ ಅಷ್ಟು ವಿವರ ಇದ್ರೆ ಇನ್ಯಾರೋ ಹಾಕಿರೋದನ್ನ ಹುಡುಕ್ಬೋದು. ಬೇರೆಯವರು ಹಾಕಿದ್ದನ್ನ ಇಳಿಸ್ಕೊಂಡು ನಮ್ಮ ಹೆಸರಲ್ಲಿ ಮತ್ತೆ ಹಾಕೋದು ಮಾತ್ರ ಬೇಡ, ಆ ಪ್ಲೇಟನ್ನ ಧೂಳು ಒರೆಸಿ ಡಿಜಿಟಲ್ ಮಾಡಿದವರ ಶ್ರಮ ಅದು.

ಬೆಳದಿಂಗಳು:

ಪುಟತಿರುವಿ ಸರ್, ಗ್ರೇಸ್ ಬೆಡೆಲ್ ಪತ್ರ ಕನ್ನಡಕ್ಕೆ ಮಾಡ್ತಾ ಇದೀನಿ. ಲಿಂಕನ್ ಉತ್ತರದ ಗಡ್ಡದ ಸಾಲು ಎಷ್ಟು ಸಲ ತಿದ್ದಿದ್ರೂ ಸರಿ ಬರ್ತಿಲ್ಲ, ನೀವು ಬರೆದಿರೋ "ಷೋಕಿ" ಹಾಕ್ಕೊಳ್ಲಾ? ಈ ಸಲ ಬೀಳ್ಕೊಡುಗೆಗೆ ಎರಡೂ ಓದ್ತೀನಿ, ಹಳೇದನ್ನ ಬರೆದವರು ಗೊತ್ತಿಲ್ಲ ಅಂತಲೇ ಹೇಳ್ತೀನಿ.

ಪುಟತಿರುವಿ:

ಧಾರಾಳವಾಗಿ ಹಾಕ್ಕೊಳಿ ಮೇಡಂ. ಮುಗಿದ ಮೇಲೆ ಇಲ್ಲೂ ಹಾಕಿ.

ಮಂದ್ರಸ್ಥಾಯಿ:

ಇಷ್ಟೊಂದು ಸಿಗತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಂಜೆರಾಗ ಹೇಳಿದಂಗೆ ಮಾಡಿ ನೋಡ್ದೆ. ಪಿರೆಶ್ ವಿಡಿಯೋನ ಅಕ್ಕನಿಗೆ ಒಬ್ಳಿಗೇ ಕಳಿಸ್ದೆ, "ಪರೀಕ್ಷೆ ಹಾಲಿಗೆ ಹೋಗಿ ಕೂತ್ಮೇಲೆ ಬೇರೆ ಸಬ್ಜೆಕ್ಟ್ ಪೇಪರ್ ಕೊಟ್ರೆ ಹೆಂಗಿರತ್ತೆ, ಈಕೆ ಮುಖ ನೋಡು, ಆಮೇಲೆ ಕೈ ನೋಡು" ಅಂತ ಬರೆದು. ಅರ್ಧ ಗಂಟೆಗೆ ಫೋನೇ ಬಂತು. ಅವಳಿಗೆ ಸಂಗೀತದ ಗಂಧ ಇಲ್ಲ, ಕೇಳಿದ್ದು ಒಂದೇ, "ಪುಸ್ತಕ ನೋಡ್ದೇ ಕೊನೇ ತನಕ ನುಡಿಸಿದ್ರಾ ಆಯಮ್ಮ?" ಹೌದು ಅಂದೆ. "ಇರು, ಇನ್ನೊಂದ್ ಸಲ ನೋಡ್ತೀನಿ" ಅಂತ ಇಟ್ಬಿಟ್ಳು.

ಓಲೆಗರಿ ಅವರೇ, ಮೊಜಾರ್ಟ್ ಪತ್ರ ಎರಡೂ ಸಿಕ್ತು. ಅಪ್ಪನಿಗೆ ಬರೆದಿದ್ದು ಓದಿ ಮುಗಿಸಿದೀನಿ, ಆ ಐಸ್ ತಿಂದ ಸಾಲಿಗೆ ಬಂದಾಗ ಮುಂದಕ್ಕೆ ಹೋಗಕ್ಕಾಗ್ಲಿಲ್ಲ. ಬುಲ್ಲಿಂಗರ್‌ದು ಇವತ್ತು ರಾತ್ರಿ, ಮನೆ ಮಲಗಿದ ಮೇಲೆ. ಕೆ 310 ಯಾರು ನುಡಿಸಿದ್ದು ಕೇಳ್ಲಿ, ಒಂದು ಹೆಸರು ಹೇಳಿ.

ಓಲೆಗರಿ:

ದಿನು ಲಿಪಾಟ್ಟಿ, ರೊಮೇನಿಯಾದ ಪಿಯಾನೋ ಕಲಾವಿದ. 1950ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್‌ನ ಬೆಸಾನ್ಸೋನ್‌ನಲ್ಲಿ ಕೊಟ್ಟ ಕಛೇರೀದು. ಅವರಿಗೆ 33 ವರ್ಷ, ಕಾಯಿಲೆ ಜೋರಾಗಿತ್ತು, ಡಾಕ್ಟರ್ ಬೇಡ ಅಂದಿದ್ರೂ ಹೋಗಿ ನುಡಿಸಿದ್ದು, ಅದೇ ಅವರ ಕೊನೇ ಕಛೇರಿ, ಡಿಸೆಂಬರ್‌ಗೆ ತೀರ್ಕೊಂಡ್ರು. ಮೊದ್ಲು ಬಾಖ್ ಬರತ್ತೆ, ಅದಾದ ಮೇಲೆ ಈ ಸೊನಾಟಾ. ಎರಡನೇ ಭಾಗ ನಿಧಾನದ್ದು, ಅದರ ಮಧ್ಯಕ್ಕೆ ಬಂದಾಗ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡ್ಕೊಳಿ, ಎಡಗೈ ಕೆಳಗಡೆ ಏನು ಮಾಡ್ತಿದೆ ಅಂತ ಕೇಳಿ.